ಬ್ರಿನ್‌ದೇರಿಯ ಕವಿಪೀಠ

ಸಾವಿರದ ಒಂಬೈನೂರ ಅರವತ್ತೊಂಬತ್ತರಲ್ಲಿ ವೇಲ್ಸಿನವರಿಗೆ ಕುಣಿದಾಡಲು ಕಾರಣಗಳ ಬರವಿರಲಿಲ್ಲ. ಏಪ್ರಿಲ್‌ನಲ್ಲಿ ರಗ್ಬಿ ಆಟದಲ್ಲಿ ಇಂಗ್ಲೆಂಡಿನವರನ್ನು ಕಾರ್ಡಿಫ್ ಮೈದಾನದ ಕೆಸರಿನಲ್ಲಿ ಉರುಳಾಡಿಸಿದರು. ಜುಲೈನಲ್ಲಿ ಲಂಡನ್ನಿನಿಂದ ಬಂದ ರಾಜಮನೆತನದವರು ಹಳೆಯ ಕೋಟೆಯೊಂದರಲ್ಲಿ ಒಬ್ಬ ಹುಡುಗನ ತಲೆಗೆ ಕಿರೀಟ ಇಟ್ಟು, ಇವನೇ ನಿಮ್ಮ ರಾಜಕುಮಾರ ಎಂದರು. ಊರೂರಿನಲ್ಲಿ ಬಾವುಟ ಹಾರಿತು. ಸೆಪ್ಟೆಂಬರಿನಲ್ಲಿ ಬ್ರಿನ್‌ದೇರಿಯ ಕವಿಮೇಳ. ಈ ಮೂರರಲ್ಲಿ ಯಾವುದನ್ನು ನೆನೆದರೂ ತೆಗ್ವೆನ್‌ಗೆ ಮೈ ಉರಿಯುತ್ತದೆ. ಉರಿಯಬೇಕಾದದ್ದೇ.

ತೆಗ್ವೆನ್ ಊರ ಶಾಲೆಯ ಅಡುಗೆಯವಳು. ಬ್ರಿನ್‌ದೇರಿಯಲ್ಲಿ ಒಂದೇ ಹೆಸರಿನವರು ಬೀದಿಗೆ ಮೂವರು ಇರುವುದರಿಂದ ಹೆಸರಿನ ಹಿಂದೆ ಕಸುಬನ್ನು ಅಂಟಿಸದೆ ಯಾರೂ ಯಾರನ್ನೂ ಕರೆಯುವುದಿಲ್ಲ. ಅವಳು ಅಡುಗೆ ತೆಗ್ವೆನ್, ಗಂಡ ಗಣಿ ಹೆವಿನ್. ಅಡುಗೆ ತೆಗ್ವೆನ್ ಕವಿತೆ ಬರೆಯುತ್ತಾಳೆ ಎಂಬುದು ಊರಿಗೇ ಗೊತ್ತು; ಗೊತ್ತಿದ್ದರೂ ಯಾರೂ ಅದನ್ನು ದೊಡ್ಡದು ಮಾಡುವುದಿಲ್ಲ. ಆ ಊರಿನಲ್ಲಿ ಕಟುಕನೂ ಬರೆಯುತ್ತಾನೆ, ಬಸ್ ಕಂಡಕ್ಟರೂ ಬರೆಯುತ್ತಾನೆ. ಅದೂ ತಮ್ಮ ವೆಲ್ಷ್ ಭಾಷೆಯಲ್ಲಿ, ಬಾಯಿಗೆ ಬಂದ ಸಾಲುಗಳಲ್ಲ. ಸಾಲಿನ ಮೊದಲರ್ಧದ ವ್ಯಂಜನಗಳು ಎರಡನೆಯ ಅರ್ಧದಲ್ಲಿ ಅದೇ ಕ್ರಮದಲ್ಲಿ ಮರಳಿ ಬರಬೇಕೆನ್ನುವ ಹಳೆಯ ಛಂದಸ್ಸು. ಒಂದು ತಪ್ಪಿದರೂ ತೀರ್ಪುಗಾರ ತುಂಬಿದ ಸಭೆಯಲ್ಲಿ ಮಾನ ಕಳೆಯುತ್ತಾನೆ. ತೆಗ್ವೆನ್ ಆಲೂಗಡ್ಡೆ ಸುಲಿಯುತ್ತಾ ಸಾಲುಗಳನ್ನು ಜೋಡಿಸುತ್ತಾಳೆ, ಇನ್ನೂರು ಮಕ್ಕಳ ಊಟ ಬಡಿಸಿದ ಮೇಲೆ ಹಿಟ್ಟಿನ ಚೀಲದ ಕಾಗದದ ಮೇಲೆ ಬರೆದಿಡುತ್ತಾಳೆ.

ಇಪ್ಪತ್ತೆರಡು ವರ್ಷದಿಂದ ಅವಳು ಊರ ಕವಿಮೇಳದ ಕವಿಪೀಠಕ್ಕೆ ಕವಿತೆ ಕಳಿಸುತ್ತಲೇ ಇದ್ದಳು. ಪೀಠವೆಂದರೆ ನಿಜವಾದ ಕುರ್ಚಿ, ಓಕ್ ಮರದ್ದು, ವರ್ಷಕ್ಕೊಂದು ಹೊಸದಾಗಿ ಕಡೆಸುತ್ತಾರೆ. ಗೆದ್ದವರು ಅದನ್ನು ಮನೆಗೆ ಹೊತ್ತುಕೊಂಡು ಹೋಗಿ ಮುಂಗೋಣೆಯಲ್ಲಿಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಅದು 'ನಮ್ಮಜ್ಜನ ಪೀಠ'. ನಮ್ಮಜ್ಜಿಯ ಪೀಠ ಅನ್ನುವವರು ಆ ಊರಿನಲ್ಲಿ ಇನ್ನೂ ಹುಟ್ಟಿರಲಿಲ್ಲ. ತೆಗ್ವೆನ್ ನಾಲ್ಕು ಸಲ ಎರಡನೆಯವಳಾಗಿದ್ದಳು. ಅವಳಿಗೆ ಆ ಪೀಠ ಬೇಕಿತ್ತು. ನಾಚಿಕೆ ಬಿಟ್ಟು ಹೇಳಬೇಕೆಂದರೆ, ಮನೆ, ಮಕ್ಕಳು, ಆರೋಗ್ಯ ಎಲ್ಲ ಸಿಕ್ಕಿದ ಮೇಲೆ ಅವಳು ದೇವರ ಹತ್ತಿರ ಕೇಳುತ್ತಿದ್ದದ್ದು ಅದೊಂದನ್ನೇ.

ಆ ಜನವರಿಯಲ್ಲಿ ಅವಳು ಹೊಸ ಕವಿತೆ ಹಿಡಿದಾಗ ಮಗಳು ಎಲೆರಿ ಕಾಲೇಜಿನ ಎರಡನೆಯ ವರ್ಷದಲ್ಲಿದ್ದಳು. ಏಪ್ರಿಲ್‌ನ ಆ ಶನಿವಾರ, ಇಂಗ್ಲೆಂಡಿನ ಮೇಲೆ ಪಂದ್ಯ. ಹೆವಿನ್ ಮತ್ತು ಗಣಿಯ ಗೆಳೆಯರು ಬಸ್ಸು ಮಾಡಿಕೊಂಡು ಕಾರ್ಡಿಫ್‌ಗೆ ಹೋಗಿದ್ದರು. ಹೋಗದವರು ಟೀವಿಯ ಮುಂದೆ ಕೂತಿದ್ದರು. ಮಧ್ಯಾಹ್ನ ಮೂರು ಗಂಟೆಗೆ ರಸ್ತೆಯಲ್ಲಿ ನಾಯಿಯೂ ಇಲ್ಲ. ಎಲೆರಿ ಮತ್ತು ಅವಳ ಇಬ್ಬರು ಗೆಳತಿಯರು ಆ ಹೊತ್ತನ್ನೇ ಆರಿಸಿಕೊಂಡರು. ಬ್ರಿನ್‌ದೇರಿಯಿಂದ ಪೇಟೆಯವರೆಗಿನ ಹನ್ನೊಂದು ರಸ್ತೆ ಫಲಕಗಳಿಗೆ, ವೆಲ್ಷ್‌ನ ಒಂದಕ್ಷರವೂ ಇಲ್ಲದೆ ಬರೀ ಇಂಗ್ಲಿಷಿನಲ್ಲಿದ್ದವಕ್ಕೆ, ದಟ್ಟ ಹಸಿರು ಬಣ್ಣ ಬಳಿದರು. ಎಲೆರಿ ಆಮೇಲೆ ಅವಿತುಕೊಳ್ಳಲೂ ಇಲ್ಲ. ಗೆಳತಿಯರನ್ನು ಮನೆಗೆ ಕಳಿಸಿ, ಡಬ್ಬಿ ಹಿಡಿದುಕೊಂಡೇ ಪೇಟೆಯ ಠಾಣೆಗೆ ಹೋಗಿ, ಬಳಿದದ್ದು ನಾನೇ ಎಂದಳು.

"ಒಂದ್ ಹತ್ ನಿಮಿಷ ತಡ್ಕೋ ತಾಯಿ, ಆಟ ಮುಗೀಲಿ," ಎಂದನಂತೆ ಪೇದೆ, ಟೀವಿಯಿಂದ ಕಣ್ಣು ತೆಗೆಯದೆ.

ಹೆವಿನ್ ಗಂಟಲು ಹರಿದುಕೊಂಡು, ಗೆದ್ದ ಖುಷಿಯಲ್ಲಿ ಮನೆಗೆ ಬಂದ. ಬಂದವನಿಗೆ ಈ ಸುದ್ದಿ.

"ಇವತ್ತೇ ಆಗಬೇಕಿತ್ತಾ ಇವಳಿಗೆ?" ಎಂದು ಟೋಪಿಯನ್ನು ಮೇಜಿನ ಮೇಲೆ ಕುಕ್ಕಿದ. "ಹನ್ನೊಂದು ಬೋರ್ಡು! ಅದ್ರಲ್ಲಿ ನಮ್ಮ ಗಣಿದೂ ಒಂದು. ಸೋಮವಾರ ಮೇಸ್ತ್ರಿ ಮುಖ ಹೆಂಗೆ ನೋಡ್ಲಿ ನಾನು?"

"ಇಂಗ್ಲಿಷ್‌ನೋರ್ನ ನೀವ್ ಮೂವತ್ತು ಜನ ಬಸ್ಸಲ್ಲಿ ಹೋಗಿ ಬೈದು ಬಂದ್ರಿ. ಅವಳು ಒಬ್ಳೇ ಠಾಣೆಗೆ ನಡ್ಕೊಂಡ್ ಹೋಗಿ ಬಂದ್ಲು," ಎಂದಳು ತೆಗ್ವೆನ್.

"ಅದು ಆಟ ಕಣೇ!"

ಆಟವಾದರೆ ಸರಿ. ಎಂಬತ್ತು ನಿಮಿಷ ಇಂಗ್ಲೆಂಡನ್ನು ಬೈದು, ಸೋಮವಾರ ಇಂಗ್ಲಿಷಿನಲ್ಲಿ ಸಲಾಮು ಹೊಡೆಯುವುದಕ್ಕೆ ಆ ನಾಡಿನಲ್ಲಿ ಯಾರ ಅಡ್ಡಿಯೂ ಇರಲಿಲ್ಲ.

ರಾಜಕುಮಾರನ ಪಟ್ಟಾಭಿಷೇಕ ಮುಗಿಯುವ ತನಕ ಪೊಲೀಸರಿಗೆ ಪುರುಸೊತ್ತಿಲ್ಲದೆ ಕೇಸು ಹಾಗೇ ಬಿದ್ದಿತ್ತು. ಪಟ್ಟಾಭಿಷೇಕದ ನೆನಪಿಗೆ ಶಾಲೆಯ ಪ್ರತಿ ಮಗುವಿಗೂ ಒಂದು ಪಿಂಗಾಣಿ ಲೋಟ ಬಂತು, ಮೇಲೆ ಆ ಹುಡುಗನ ಚಿತ್ರ. ಹಂಚಲು ಬಂದವನು ಇಲ್ಟಿಡ್ ಟ್ರೆಹಾರ್ನ್. ಇವನು ಜಿಲ್ಲಾ ಕೌನ್ಸಿಲಿನ ಹಿರಿಯ ಸದಸ್ಯ, ಪೇಟೆಯ ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟು, ಪ್ರಾರ್ಥನಾ ಮಂದಿರದಲ್ಲಿ ಮುಂದಿನ ಸಾಲಿನ ಹಿರಿಯ, ಕವಿಮೇಳದ ಕಾಯಂ ಅಧ್ಯಕ್ಷ. ಬೆಳ್ಳಿ ಕೂದಲು, ಜೇನಿನಂಥ ದನಿ. ವೆಲ್ಷ್ ಭಾಷೆಯಲ್ಲಿ ಅವನು ಭಾಷಣಕ್ಕೆ ನಿಂತರೆ ಮುದುಕಿಯರು ಕರ್ಚೀಫು ತೆಗೆಯುತ್ತಿದ್ದರು. 'ನಮ್ಮ ತಾಯ್ನುಡಿ' ಎನ್ನುವಾಗ ಅವನ ಕಣ್ಣಲ್ಲೂ ನೀರು ಬರುತ್ತಿತ್ತು, ಅದು ಸುಳ್ಳು ನೀರೂ ಅಲ್ಲ. ಅಂಥವರನ್ನು ಕಂಡರೇ ಹೆದರಬೇಕು. ಅವನು ಕೊಟ್ಟ ಲೋಟಗಳಿಗೆ ಹಾಲು ಸುರಿಯುವ ಕೆಲಸ ತೆಗ್ವೆನ್‌ದು. ಸುರಿದಳು. ಇನ್ನೂರು ಲೋಟಕ್ಕೂ ತುಟಿ ಪಿಟ್ಟೆನ್ನದೆ ಸುರಿದಳು, ಆಮೇಲೆ ಮನೆಗೆ ಬಂದು ತನ್ನ ಮೇಲೇ ಹಲ್ಲು ಕಡಿದಳು.

ಎರಡು ವಾರಕ್ಕೆ ಕೋರ್ಟು. ಮಧ್ಯದ ಕುರ್ಚಿಯಲ್ಲಿ ಟ್ರೆಹಾರ್ನ್. ಭಾನುವಾರದ ಪಾಠಶಾಲೆಯಲ್ಲಿ ಎಲೆರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ವೆಲ್ಷ್ ಅಕ್ಷರ ಕಲಿಸಿದ್ದವನು ಇವನೇ. ಎಲೆರಿ ಎದ್ದು ನಿಂತು, ನನ್ನ ವಿಚಾರಣೆ ವೆಲ್ಷ್‌ನಲ್ಲಿ ನಡೆಯಬೇಕು ಎಂದು ಕೇಳಿದಳು. ಹಾಗೆ ಕೇಳಬಹುದೆಂದು ಲಂಡನ್ನಿನವರೇ ಎರಡು ವರ್ಷದ ಹಿಂದೆ ಕಾಯಿದೆ ಮಾಡಿದ್ದರು. ಟ್ರೆಹಾರ್ನ್ ಕನ್ನಡಕ ಸರಿಮಾಡಿಕೊಂಡು, ಇಂಗ್ಲಿಷಿನಲ್ಲಿ, ನಿಧಾನವಾಗಿ ಹೇಳಿದ: ಕುಮಾರಿಗೆ ಇಂಗ್ಲಿಷ್ ಚೆನ್ನಾಗಿ ತಿಳಿದಿದೆ, ನ್ಯಾಯಾಲಯಕ್ಕೆ ಇಂದು ದುಭಾಷಿ ಲಭ್ಯವಿಲ್ಲ, ಇದು ನಾಟಕದ ವೇದಿಕೆಯಲ್ಲ. ನ್ಯಾಯಪೀಠದ ಮೇಲಿದ್ದ ಮೂವರೂ ವೆಲ್ಷ್ ಮನೆಗಳಲ್ಲಿ ಹುಟ್ಟಿದವರು, ಗುಮಾಸ್ತನೂ, ಬಾಗಿಲ ಪೇದೆಯೂ. ಯಾರಿಗೆ ಬೇಕಿತ್ತು ದುಭಾಷಿ? ಎಲೆರಿ ಇಂಗ್ಲಿಷಿನಲ್ಲಿ ಉತ್ತರ ಕೊಡಲು ಒಪ್ಪಲಿಲ್ಲ. ಇನ್ನು ಮುಂದೆ ಫಲಕಗಳ ತಂಟೆಗೆ ಹೋಗುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಟ್ಟರೆ ಮನೆಗೆ ಹೋಗಬಹುದು ಎಂದರು. ಅವಳು ಪೆನ್ನು ಮುಟ್ಟಲಿಲ್ಲ. ಮೂರು ತಿಂಗಳು ಜೈಲು. ವೇಲ್ಸಿನಲ್ಲಿ ಹೆಂಗಸರ ಜೈಲೇ ಇಲ್ಲದ್ದರಿಂದ ಅವಳನ್ನು ಇಂಗ್ಲೆಂಡಿಗೆ ಒಯ್ದರು.

ಸೆಪ್ಟೆಂಬರಿನ ಮೊದಲ ವಾರ ಅಂಚೆ ಇದ್ವಲ್ ಹಿತ್ತಲ ಬಾಗಿಲಿಗೆ ಬಂದ. ಅಂಚೆ ಹಂಚುವುದು ಅವನ ನೌಕರಿ, ಕವಿಮೇಳದ ಕಾರ್ಯದರ್ಶಿಯಾಗಿರುವುದು ಅವನ ಬದುಕು. ಆ ಕಡೆ ಈ ಕಡೆ ನೋಡಿ ಒಳಗೆ ನುಸುಳಿದ.

"'ಹೊಸಿಲು' ಅನ್ನೋ ಕಾವ್ಯನಾಮ ನಿಂದೇ ಏನೇ?"

ತೆಗ್ವೆನ್ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಕವಿತೆಯ ಮೇಲೆ ಕಾವ್ಯನಾಮ ಮಾತ್ರ ಇರಬೇಕು, ನಿಜವಾದ ಹೆಸರು ಅಂಟಿಸಿದ ಲಕೋಟೆಯಲ್ಲಿ. ಲಕೋಟೆ ಒಡೆಯುವುದು ಗೆದ್ದವರದ್ದು ಮಾತ್ರ.

"ಒಡೆದ್ರಾ?" ಎಂದಳು.

"ಒಡೆದ್ವಿ. ತೀರ್ಪುಗಾರರು ಹದಿನೈದು ವರ್ಷದಲ್ಲಿ ಇಂಥದ್ದು ಓದಿಲ್ಲ ಅಂತ ಬರ್ದಿದಾರೆ. ಬಾಯ್ಬಿಡಬೇಡ, ಗಂಡಂಗೂ ಹೇಳ್ಬೇಡ. ಶನಿವಾರ ನಿನ್ನ ಕಾವ್ಯನಾಮ ಕೂಗ್ದಾಗ ಎದ್ದು ನಿಲ್ಲು, ಅಷ್ಟೇ. ಒಳ್ಳೆ ಬಟ್ಟೆ ಹಾಕ್ಕೊಂಡ್ ಬಾ, ಆ ಏಪ್ರನ್ ಬಿಚ್ಚು ಮಾರಾಯ್ತಿ." ಇದ್ವಲ್ ಅತ್ತೇಬಿಟ್ಟ. ತೆಗ್ವೆನ್‌ಗೂ ಕಣ್ಣು ತುಂಬಿತು. ಅವನು ಹೋದ ಮೇಲೆ ಅವಳು ಒಲೆಯ ಮುಂದೆ ಕೂತು ಚಿಕ್ಕ ಹುಡುಗಿಯ ಹಾಗೆ ನಕ್ಕಳು.

ಮಾರನೆಯ ದಿನ ಟ್ರೆಹಾರ್ನ್ ಬಂದ. ಅಧ್ಯಕ್ಷನಾದ್ದರಿಂದ ಗುಟ್ಟು ಅವನಿಗೂ ಗೊತ್ತು. ತೆಗ್ವೆನ್ ಚಹಾ ಕೊಟ್ಟಳು, ಒಣದ್ರಾಕ್ಷಿಯ ರೊಟ್ಟಿಗೆ ಬೆಣ್ಣೆ ಸವರಿ ಕೊಟ್ಟಳು. ಮನೆಗೆ ಬಂದವರಿಗೆ ಕೊಡದೆ ಇರುವುದು ಅವಳಿಗೆ ಗೊತ್ತಿರಲಿಲ್ಲ.

"ನಂಗೆಷ್ಟು ಹೆಮ್ಮೆ ಆಯ್ತು ಗೊತ್ತಾ ತಂಗೀ," ಎಂದ, ಸೊಗಸಾದ ವೆಲ್ಷ್‌ನಲ್ಲಿ. "ನಮ್ಮೂರಲ್ಲಿ ಹೆಂಗಸಿಗೆ ಮೊದಲನೇ ಪೀಠ. ಮಗಳು ಇದನ್ನ ನೋಡ್ದೆ ಇರಬಾರದು. ನಾನು ವ್ಯವಸ್ಥೆ ಮಾಡ್ತೀನಿ. ಶುಕ್ರವಾರದೊಳಗೆ ಒಂದು ಮುಚ್ಚಳಿಕೆಗೆ ಸಹಿ ಹಾಕ್ಲಿ, ಶನಿವಾರ ಸಭೇಲಿ ನಿನ್ನ ಮುಂದೆ ಕೂತಿರ್ತಾಳೆ."

"ಅವತ್ತು ಅವಳು ಈ ಭಾಷೇಲೇ ಮಾತಾಡಿ ಅಂತ ಕೇಳಿದ್ಲಲ್ಲ, ಹಿರೀಕರೇ."

"ಕೋರ್ಟು ಬೇರೆ, ಕವಿಮೇಳ ಬೇರೆ. ಅಲ್ಲಿ ನಾನು ಕಾನೂನು." ಅವನು ರೊಟ್ಟಿಯ ಇನ್ನೊಂದು ಚೂರು ತೆಗೆದುಕೊಂಡ. "ನಂಗೇನು ಸಂತೋಷಾನಾ? ನಾನೂ ರಾತ್ರಿ ನಿದ್ದೆ ಮಾಡಿಲ್ಲ."

ನಿದ್ದೆ ಮಾಡಿಲ್ಲವಂತೆ! ಅವನನ್ನು ಯಾರು ಕೇಳಿದ್ದರು? ಆದರೆ ತೆಗ್ವೆನ್ ಅವನನ್ನು ಹೊರಗೆ ಅಟ್ಟಲಿಲ್ಲ. ಶನಿವಾರ ಸಭೆಯಲ್ಲಿ ಎಲೆರಿ ಕೂತಿರುವುದು, ತಾನು ಪೀಠದಿಂದ ಅವಳನ್ನು ನೋಡುವುದು, ಇಷ್ಟನ್ನು ಅವನು ಅವಳ ತಲೆಯೊಳಗೆ ಇಟ್ಟು ಹೋಗಿದ್ದ. ಅದು ಕೆಲಸ ಮಾಡಿತು. ಬುಧವಾರ ಅವಳು ರೈಲು ಹತ್ತಿದಳು, ಮಗಳಿಗೆ ಸಹಿ ಹಾಕು ಎಂದು ಹೇಳಲೆಂದೇ.

ಜೈಲಿನ ಕೋಣೆಯಲ್ಲಿ ಒಂದು ಮೇಜು, ಪಕ್ಕದಲ್ಲಿ ಕಾವಲಿನ ಹೆಂಗಸು. ಎಲೆರಿ ಸೊರಗಿದ್ದಳು. ಕೂದಲು ಮೋಟಾಗಿತ್ತು.

"ನನ್ನ ಕಂದಾ..." ಎಂದು ತೆಗ್ವೆನ್ ಬಾಯಿ ತೆರೆದಳು.

ಕಾವಲಿನವಳು ಮೇಜು ತಟ್ಟಿದಳು. ಇಂಗ್ಲಿಷ್ ಮಾತ್ರ. ನಮಗೆ ಅರ್ಥವಾಗದ ಭಾಷೆಯಲ್ಲಿ ಮಾತಾಡಿದರೆ ಭೇಟಿ ಮುಗಿಯಿತು.

ತೆಗ್ವೆನ್‌ಗೆ ಇಂಗ್ಲಿಷ್ ಬರುತ್ತಿತ್ತು, ಅಂಗಡಿಯ ಡಬ್ಬಿಗಳ ಮೇಲಿನದ್ದು, ಆಸ್ಪತ್ರೆಯ ಚೀಟಿಯದ್ದು. ಮಗಳ ಜೊತೆ ಹತ್ತೊಂಬತ್ತು ವರ್ಷದಲ್ಲಿ ಅದರ ಒಂದು ಮಾತನ್ನೂ ಆಡಿರಲಿಲ್ಲ. ಹೆರಿಗೆಯ ನೋವಿನಲ್ಲಿ ಕೂಗಿದ್ದು, ತೊಟ್ಟಿಲು ತೂಗಿದ್ದು, ಬೈದದ್ದು, ಹುಚ್ಚು ಹುಡುಗಿ ಎಂದು ಮುದ್ದಾಡಿದ್ದು ಎಲ್ಲ ಒಂದೇ ಭಾಷೆಯಲ್ಲಿ. ಹದಿನೈದು ವರ್ಷದಲ್ಲಿ ಇಂಥದ್ದು ಓದಿಲ್ಲ ಅನ್ನಿಸಿಕೊಂಡ ಕವಿ ತನ್ನ ಹೊಟ್ಟೆಯಲ್ಲಿ ಹುಟ್ಟಿದವಳ ಮುಂದೆ ಶಬ್ದ ಹುಡುಕುತ್ತಾ ಕೂತಳು.

"ಊಟವು... ಚೆನ್ನಾಗಿದೆಯೇ?" ಎಂದಳು ಇಂಗ್ಲಿಷಿನಲ್ಲಿ.

"ಹೌದು. ಊಟವು ಚೆನ್ನಾಗಿದೆ."

"ಹವಾಮಾನವು ಶೀತವಾಗಿದೆ."

"ಹೌದು ಅಮ್ಮ. ಸ್ವಲ್ಪ ಶೀತವಾಗಿದೆ."

ಎಲೆರಿ ಮೇಜಿನ ಮೇಲೆ ಕೈ ಇಟ್ಟಳು; ಮುಟ್ಟುವ ಹಾಗಿಲ್ಲ ಎಂದು ಕಾವಲಿನವಳು ತಲೆಯಾಡಿಸಿದಳು. ಸಹಿ ಹಾಕು ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಎರಡೇ ಶಬ್ದ ಸಾಕು. ಆ ಎರಡೂ ತೆಗ್ವೆನ್‌ಗೆ ಗೊತ್ತಿತ್ತು. ಅವು ಗಂಟಲಿನ ತನಕ ಬಂದವು. ಈ ಭಾಷೆಯಲ್ಲಿ ನನ್ನ ಮಗಳಿಗೆ ಸೋತುಬಿಡು ಎಂದು ನಾನು ಹೇಳಬೇಕೇ ಎಂದುಕೊಂಡಾಗ ಅವಳಿಗೆ ಎಂಥ ಸಿಟ್ಟು ಬಂತೆಂದರೆ, ಆ ಎರಡು ಶಬ್ದಗಳನ್ನೂ ನುಂಗಿಬಿಟ್ಟಳು. ಉಳಿದ ಇಪ್ಪತ್ತು ನಿಮಿಷ ತಾಯಿ ಮಗಳು ಒಬ್ಬರನ್ನೊಬ್ಬರು ನೋಡುತ್ತಾ ಸುಮ್ಮನೆ ಕೂತರು. ಗೆದ್ದ ಸುದ್ದಿಯನ್ನೂ ಅವಳು ಹೇಳಲಿಲ್ಲ.

ಮನೆಗೆ ಬಂದಾಗ ಹೆವಿನ್ ಬಾಗಿಲಲ್ಲೇ ನಿಂತಿದ್ದ. ಟ್ರೆಹಾರ್ನ್ ದಾರಿಯಲ್ಲಿ ಸಿಕ್ಕಿ ಅವನಿಗೆ ಎಲ್ಲ ಹೇಳಿದ್ದ, ಗುಟ್ಟನ್ನೂ.

"ಹಾಕ್ತಾಳಂತಾ ಸಹಿ?"

"ಕೇಳ್ಲಿಲ್ಲ ನಾನು. ಊಟ, ಹವಾಮಾನ, ಅಷ್ಟೇ ಮಾತಾಡಿದ್ದು."

"ಕೇಳ್ಲಿಲ್ವಾ?" ಅವನ ದನಿ ಏರಿ ಕೆಮ್ಮು ಬಂತು, ಗಣಿಯ ದೂಳು ಎದೆಯಲ್ಲಿ ಕೂತಿತ್ತು. "ರೈಲಲ್ಲಿ ಅಷ್ಟು ದೂರ ಹೋಗಿ ಹವಾಮಾನ ಮಾತಾಡ್ಕೊಂಡ್ ಬಂದ್ಯಾ?"

"ಹೂಂ ಕಣ್ರೀ. ಹವಾಮಾನಾನೇ ಮಾತಾಡ್ಕೊಂಡ್ ಬಂದೆ!" ಎಂದು ಅವಳು ಕಿರುಚಿದ್ದು ಪಕ್ಕದ ಮನೆಗೂ ಕೇಳಿಸಿತು. ಮೂರು ದಿನ ಗಂಡ ಹೆಂಡತಿ ಮಾತಾಡಲಿಲ್ಲ.

ಶನಿವಾರ ಪ್ರಾರ್ಥನಾ ಮಂದಿರದ ಹಜಾರ ಕಿಕ್ಕಿರಿದಿತ್ತು. ಬೆಳಗ್ಗೆಯಿಂದ ಮಕ್ಕಳ ಹಾಡು, ಪದ್ಯ ಪಠಣ, ಗಂಡಸರ ಮೇಳಗಾನ ಎಲ್ಲ ಮುಗಿದು ಮಧ್ಯಾಹ್ನ ನಾಲ್ಕಕ್ಕೆ ಪೀಠದ ಸಮಾರಂಭ. ವೇದಿಕೆಯ ನಡುವೆ ಪೀಠ, ಬೆನ್ನಿಗೆ ಓಕ್ ಎಲೆಗಳ ಕೆತ್ತನೆ, ಮೇಣ ಹಾಕಿ ಉಜ್ಜಿದ ಹೊಳಪು. ಪಕ್ಕದಲ್ಲಿ ನಿಲುವಂಗಿ ತೊಟ್ಟ ಟ್ರೆಹಾರ್ನ್, ಕೈಯಲ್ಲಿ ಒರೆಯೊಳಗಿನ ದೊಡ್ಡ ಕತ್ತಿ. ತೀರ್ಪುಗಾರ ಒಬ್ಬೊಬ್ಬರ ಕವಿತೆಯನ್ನೂ ಜಾಲಾಡಿಸಿ ಕೊನೆಗೆ 'ಹೊಸಿಲು' ಕವಿಯನ್ನು ಹೊಗಳಿದ. ತೆಗ್ವೆನ್ ಬರೆದದ್ದು ಒಲೆಯ ಮುಂದೆ ನಿಂತ ಹೆಂಗಸಿನ ಬಗ್ಗೆ. ಅದರ ಸಾಲುಗಳು ಅವನ ಬಾಯಲ್ಲಿ ಗಂಟೆ ಹೊಡೆದ ಹಾಗೆ ಕೇಳಿಸಿದವು. ಕಹಳೆ ಊದಿದರು. "ಹೊಸಿಲು ಎನ್ನುವ ಕವಿ, ಅವರೊಬ್ಬರೇ, ಎದ್ದು ನಿಲ್ಲಲಿ!"

ಅವಳು ಎದ್ದಳು. ಅಯ್ಯೋ, ಅಡುಗೆ ತೆಗ್ವೆನ್! ನಮ್ಮ ತೆಗ್ವೆನ್! ಸಭೆ ಹುಚ್ಚೆದ್ದು ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಿಂದ ಯಾರೋ, "ಇನ್ನು ಸೋಮವಾರ ಸೂಪು ಕೂಡ ಛಂದಸ್ಸಲ್ಲೇ ಬರುತ್ತೆ ನೋಡ್ರೋ!" ಎಂದು ಕೂಗಿದ. ಇಬ್ಬರು ಹಿರಿಯರು ಅವಳನ್ನು ಕೈಹಿಡಿದು ನಡೆಸಿಕೊಂಡು ಹೋಗಿ ಪೀಠದ ಮುಂದೆ ನಿಲ್ಲಿಸಿದರು. ಈಗ ಒಂದೇ ಶಾಸ್ತ್ರ ಬಾಕಿ. ಕವಿಯ ತಲೆಯ ಮೇಲೆ ಕತ್ತಿಯನ್ನು ಅರ್ಧ ಹಿರಿದು ಹಿಡಿದು, ಶಾಂತಿ ಇದೆಯೇ ಎಂದು ಅಧ್ಯಕ್ಷ ಮೂರು ಸಲ ಕೇಳಬೇಕು. ಮೂರು ಸಲವೂ ಸಭೆ, ಶಾಂತಿ ಎಂದು ಉತ್ತರಿಸಬೇಕು. ಆಗ ಕತ್ತಿ ಒರೆಗೆ, ಕವಿ ಪೀಠಕ್ಕೆ. ಉತ್ತರ ಬರದೆ ಯಾರೂ ಕೂರುವ ಹಾಗಿಲ್ಲ. ಉತ್ತರ ಬರದೆ ಇದ್ದದ್ದು ಯಾರ ನೆನಪಿನಲ್ಲೂ ಇರಲಿಲ್ಲ.

"ಶಾಂತಿ ಇದೆಯೇ?" ಟ್ರೆಹಾರ್ನ್‌ನ ಜೇನಿನ ದನಿ ಮಾಡಿಗೆ ತಾಗಿತು.

"ಶಾಂತಿ!" ಎಂದಿತು ಸಭೆ. ಎಲ್ಲರಿಗಿಂತ ಜೋರು ಹೆವಿನ್. ಕಾರ್ಡಿಫ್ ಮೈದಾನದಲ್ಲಿ ಪಳಗಿದ ಗಂಟಲು.

ತೆಗ್ವೆನ್ ಪೀಠವನ್ನು ನೋಡಿದಳು. ಇಷ್ಟು ಹತ್ತಿರದಿಂದ ಅವಳು ಅದನ್ನು ಎಂದೂ ನೋಡಿರಲಿಲ್ಲ. ಇಪ್ಪತ್ತೆರಡು ವರ್ಷ.

"ಶಾಂತಿ ಇದೆಯೇ?"

"ಶಾಂತಿ!"

ಎಷ್ಟು ಸುಲಭವಾಗಿ ಕೂಗುತ್ತಾರೆ! ಇವರೆಲ್ಲ ಒಳ್ಳೆಯವರು. ಇವರ ಮಕ್ಕಳಿಗೆ ಅವಳು ಬಡಿಸಿದ್ದಾಳೆ. ಇವರಲ್ಲಿ ಒಬ್ಬರೂ ಅವತ್ತು ಕೋರ್ಟಿಗೆ ಬರಲಿಲ್ಲ. ಟ್ರೆಹಾರ್ನ್‌ನ ಇದೇ ದನಿ, ಇದೇ ಬಾಯಿ, ಪೇಟೆಯ ಆ ಕಟ್ಟಡದಲ್ಲಿ ಅವಳ ಮಗಳಿಗೆ ಒಂದು ವೆಲ್ಷ್ ಮಾತು ಕೊಡಲಿಲ್ಲ; ಇಲ್ಲಿ ನಿಲುವಂಗಿ ತೊಟ್ಟು ಅದೇ ಭಾಷೆಯಲ್ಲಿ ಶಾಂತಿ ಕೇಳುತ್ತಿದೆ. ಹಬ್ಬದ ದಿನ ಹೊರಗೆ ತೆಗೆಯುವ ಪಿಂಗಾಣಿ ಮಾಡಿಕೊಂಡಿದ್ದಾರೆ ಇವರು ಈ ಭಾಷೆಯನ್ನು. ಅದರಲ್ಲಿ ದಿನವೂ ಉಣ್ಣಬೇಕೆಂದವಳು ಜೈಲಿನಲ್ಲಿದ್ದಾಳೆ.

"ಶಾಂತಿ ಇದೆಯೇ?"

"ಇಲ್ಲ," ಎಂದಳು ತೆಗ್ವೆನ್.

ಜೋರಾಗಿಯೇನೂ ಹೇಳಲಿಲ್ಲ. ಆದರೂ ಸಭೆಯ ಬಾಯಲ್ಲಿದ್ದ ಶಬ್ದ ಅಲ್ಲೇ ನಿಂತಿತು. ಟ್ರೆಹಾರ್ನ್‌ಗೆ ಮೊದಲು ಅರ್ಥವಾಗಲಿಲ್ಲ. ಅವನು ಬಾಗಿ, "ಉತ್ತರ ಹೇಳ್ಬೇಕಾದ್ದು ನೀನಲ್ಲ ತಂಗೀ, ಸಭೆ," ಎಂದು ಪಿಸುಗುಟ್ಟಿದ.

"ನಂಗೊತ್ತು. ಸಭೆಗೆ ನೆನಪಿಲ್ಲ, ಅದಕ್ಕೆ ನಾನು ಹೇಳ್ದೆ. ನನ್ನ ಮಗಳನ್ನ ಜೈಲಿಗೆ ಹಾಕಿದೋರು ನೀವು, ಅವಳ ಮಾತೃಭಾಷೇಲಿ ಒಂದು ಮಾತು ಕೇಳ್ದೆ ಹಾಕಿದೋರು. ಇಲ್ಲಿ ನಿಂತ್ಕೊಂಡು ಯಾವ ಶಾಂತಿ ಕೇಳ್ತಿದೀರಿ?"

ಟ್ರೆಹಾರ್ನ್‌ನ ಮುಖ ಕೆಂಪಾಯಿತು. ಮುಂದಿನ ಸಾಲಿನಲ್ಲಿ ಯಾರೋ, "ಹಾಳ್ ಮಾಡಿದ್ಲಲ್ಲ ಎಲ್ಲಾನೂ," ಎಂದರು. ಇದ್ವಲ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಟ್ರೆಹಾರ್ನ್ ಅವಳಿಗೆ ಬೆನ್ನು ತಿರುಗಿಸಿ, ನೇರವಾಗಿ ಸಭೆಯ ಕಡೆಗೆ, ಹೆವಿನ್ ಕೂತಿದ್ದ ಸಾಲಿನ ಕಡೆಗೇ ನೋಡಿ, ನಾಲ್ಕನೆಯ ಸಲ ಕೇಳಿದ. ಕೂಗಿ ಇದನ್ನು ಮುಗಿಸುವ ಗಂಟಲು ಯಾವುದೆಂದು ಅವನಿಗೆ ಗೊತ್ತಿತ್ತು.

"ಶಾಂತಿ ಇದೆಯೇ?"

ಹೆವಿನ್ ಎದ್ದು ನಿಂತ. ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದ. ಹೆಂಡತಿಯ ಮುಖ ನೋಡಿದ, ಅವಳ ಹಿಂದಿದ್ದ ಪೀಠ ನೋಡಿದ. ಇವನು ಶಾಂತಿ ಎಂದುಬಿಟ್ಟರೆ ಊರೆಲ್ಲ ದನಿಗೂಡಿಸುತ್ತದೆ, ತನ್ನನ್ನು ಹಿಡಿದು ಅಲ್ಲಿ ಕೂರಿಸುತ್ತಾರೆ ಎಂದು ತೆಗ್ವೆನ್‌ಗೆ ಗೊತ್ತಾಯಿತು. ದೇವರೇ, ಒಂದು ಗಳಿಗೆ ಅವಳಿಗೆ ಅದೂ ಬೇಕಿತ್ತು.

"ನಮ್ಮ ಹುಡುಗಿ ಮನೆಗೆ ಬರ್ಲಿ," ಎಂದ ಹೆವಿನ್. ಕೆಮ್ಮು ಒತ್ತಿಕೊಂಡು ಬಂತು, ಅದನ್ನು ಮುಗಿಸಿ ಮತ್ತೆ ಹೇಳಿದ: "ಆಮೇಲ್ ಕೇಳಿ, ಹಿರೀಕರೇ."

ಎಲ್ಲರೂ ಅವಳ ಕಡೆಗಿದ್ದರು ಎಂದು ಹೇಳಿದರೆ ಸುಳ್ಳಾದೀತು. ಎಷ್ಟೋ ಜನ ಸಿಟ್ಟಿನಲ್ಲಿದ್ದರು, ಎಷ್ಟೋ ಜನ ನೆಲ ನೋಡುತ್ತಿದ್ದರು. ಆದರೆ ಶಾಂತಿ ಎನ್ನಲು ಯಾರಿಗೂ ನಾಲಿಗೆ ಏಳಲಿಲ್ಲ. ಟ್ರೆಹಾರ್ನ್ ಅರ್ಧ ಹಿರಿದ ಕತ್ತಿಯನ್ನು ಹಾಗೇ ಹಿಡಿದುಕೊಂಡು ನಿಂತ. ಉತ್ತರ ಬರದೆ ಅದನ್ನು ಒರೆಗೆ ಹಾಕುವ ಶಾಸ್ತ್ರ ಅವನಿಗೂ ಗೊತ್ತಿರಲಿಲ್ಲ.

ತೆಗ್ವೆನ್ ಪೀಠವನ್ನು ಮುಟ್ಟದೆ ಮೆಟ್ಟಿಲಿಳಿದಳು. ಮಧ್ಯದ ದಾರಿಯಲ್ಲಿ ಹೆವಿನ್ ಕಾದಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಹೊರಗೆ ನಡೆದರು. ಬಿಸಿಲು ಇನ್ನೂ ಇತ್ತು. ಹಜಾರದ ಗೋಡೆ ದಾಟಿದ ಮೇಲೆ ಅವಳು ನಿಂತುಬಿಟ್ಟಳು, ಮುಷ್ಟಿ ಕಟ್ಟಿ ತನ್ನ ತೊಡೆಗೆ ತಾನೇ ಹೊಡೆದುಕೊಂಡಳು, ಒಂದಲ್ಲ, ನಾಲ್ಕೈದು ಸಲ.

"ನಂದು ಅದು, ಹೆವಿನ್," ಎಂದಳು. "ಅದು ನನ್ನ ಪೀಠ. ಆ ಟ್ರೆಹಾರ್ನ್ ನನ್ನಿಂದ ಅದನ್ನೂ ಕಿತ್ಕೊಂಡ."